ಆ ಹುಡುಗನ ಪ್ರಶ್ನೆ

ಹೊರದೇಶಗಳಲ್ಲಿ ಬೆಳೆದ ಯಹೂದಿ ಯುವಜನರಿಗಾಗಿ 1999ರಲ್ಲಿ ‘ಬರ್ತ್‌ರೈಟ್ ಇಸ್ರೇಲ್’ ಎಂಬ ಪ್ರವಾಸ ಯೋಜನೆ ಆರಂಭವಾಯಿತು. ಹತ್ತು ದಿನಗಳ ಉಚಿತ ಸಂಚಾರ. ಮರುಭೂಮಿಯ ಡೇರೆಗಳಲ್ಲಿ ಒಟ್ಟಾಗಿ ಮಲಗುತ್ತಾರೆ, ಮಸಾದಾ ಬೆಟ್ಟವನ್ನು ಹತ್ತುತ್ತಾರೆ. ಚದುರಿಹೋದ ಜನಾಂಗವೊಂದು ತನ್ನ ಮಕ್ಕಳನ್ನು ಹೀಗೆ ಕೂಡಿಸಿಕೊಳ್ಳುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ಹೆಸರೇ ಹೇಳುವಂತೆ, ಅಲ್ಲಿ ಹಕ್ಕು ಬರುವುದು ಹುಟ್ಟಿನಿಂದ.

ಇದನ್ನು ಓದಿದಾಗ ನನಗೆ ನೆನಪಾದದ್ದು ತರೀಕೆರೆ ಸಮೀಪದ ಅಮೃತಾಪುರ. 1196ರಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಶಿವಾಲಯವದು. ಒಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಮಂಟಪದ ಹೊರಗೋಡೆಯಲ್ಲಿರುವ ರಾಮಾಯಣದ 70 ಫಲಕಗಳನ್ನು ಅಪ್ರದಕ್ಷಿಣವಾಗಿ ನೋಡುತ್ತ ಹೋಗಬೇಕೆಂದು ವಿವರಿಸುತ್ತಿದ್ದಾಗ, ಮುಸ್ಲಿಂ ಹುಡುಗನೊಬ್ಬ ಮೆಲ್ಲಗೆ ಕೇಳಿದ: “ಸಾರ್, ಇದು ನಮ್ಮದೂ ಹೌದಾ?”

“ಹೌದಪ್ಪಾ” ಎಂದಷ್ಟೇ ಹೇಳಿ ಮುಂದೆ ನಡೆದೆ. ಅದು ಸಾಲದಿತ್ತು.

ಅವನನ್ನು ಅಲ್ಲಿನ ದೊಡ್ಡ ಶಾಸನದ ಮುಂದೆ ನಿಲ್ಲಿಸಬೇಕಿತ್ತು. ಅದರ ಪದ್ಯಗಳನ್ನು ರಚಿಸಿದವನು ‘ಯಶೋಧರ ಚರಿತೆ’ಯ ಕವಿ ಜನ್ನ; ಮತದಿಂದ ಜೈನ. ಶಿವನ ಗುಡಿಗೆ ಕನ್ನಡ ಪದ್ಯ ಬರೆಯಲು ಅವನಿಗೆ ಮತ ಅಡ್ಡಬರಲಿಲ್ಲ. ಅದನ್ನು ಓದಲು ನಿನಗೇಕೆ ಅಡ್ಡಬರಬೇಕು ಎಂದು ಹೇಳಬೇಕಿತ್ತು. ಈ ನೆಲದ ಪರಂಪರೆ ಹುಟ್ಟನ್ನು ಕೇಳುವುದಿಲ್ಲ, ಓದುವ ಕಣ್ಣನ್ನು ಕೇಳುತ್ತದೆ.

ಶಾಲಾ ಪ್ರವಾಸವೆಂದರೆ ಬೇಲೂರು, ಹಳೇಬೀಡು ಎಂದೇ ನಮ್ಮ ರೂಢಿ. ಶಿಕ್ಷಕಮಿತ್ರರೇ, ಅಮೃತಾಪುರಕ್ಕೂ ಮಕ್ಕಳನ್ನು ಕರೆತನ್ನಿ. ಆ ಶಾಸನದೆದುರು ಅರ್ಧ ಗಂಟೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ. ನಾನು ಕೊಡದೆ ಉಳಿಸಿದ ಉತ್ತರವನ್ನು ನೀವಾದರೂ ಕೊಡಿ.