ಲಾಗ್‌ಬುಕ್ ಜೊತೆಗೆ ಬರುತ್ತದೆ, ಪಟ್ಟಿಯ ಸಂಖ್ಯೆ ಬರುವುದಿಲ್ಲ

2019ರ ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಹೊರಟದ್ದು ಜೆಟ್ ಏರ್‌ವೇಸ್‌ನ ಕೊನೆಯ ಹಾರಾಟ. ಹಾರಾಟ ನಿಲ್ಲಿಸುತ್ತೇವೆಂದು ಕಂಪನಿ ಘೋಷಿಸಿದ್ದೂ ಅದೇ ದಿನ. ಪೈಲಟ್‌ಗಳಿಗೆ ಅದಾಗಲೇ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಆದರೆ ಅದೇ ಪೈಲಟ್‌ಗಳು ತಾವಾಗಿಯೇ ಕೆಲಸ ಬಿಡಬೇಕೆಂದಿದ್ದರೆ? 2017ರ ಡಿಜಿಸಿಎ ನಿಯಮದಂತೆ ಕ್ಯಾಪ್ಟನ್ ಒಂದು ವರ್ಷ, ಕೋ-ಪೈಲಟ್ ಆರು ತಿಂಗಳು ನೋಟಿಸ್ ಕೊಡಬೇಕು. ಮುಚ್ಚುವ ಕಂಪನಿಗೆ ಮಾತ್ರ ಒಂದು ದಿನ ಸಾಕಾಯಿತು.

ನೋಟಿಸ್ ಕಣ್ಣಿಗೆ ಕಾಣುವ ಸರಪಳಿ. ಕಾಣದ ಇನ್ನೊಂದಿದೆ: ಜ್ಯೇಷ್ಠತಾ ಪಟ್ಟಿ. ಜಗತ್ತಿನ ಬಹಳಷ್ಟು ವಿಮಾನ ಕಂಪನಿಗಳಲ್ಲಿ ಸೇರಿದ ದಿನವೇ ಪೈಲಟ್‌ಗೆ ಒಂದು ಸಂಖ್ಯೆ ಬೀಳುತ್ತದೆ. ಕ್ಯಾಪ್ಟನ್ ಆಗುವುದು ಯಾವಾಗ, ಯಾವ ವಿಮಾನ, ಯಾವ ಊರು, ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ, ಕೆಲಸ ಕಡಿತವಾದರೆ ಮೊದಲು ಹೋಗುವವರು ಯಾರು ಎನ್ನುವುದನ್ನೆಲ್ಲ ಅದೇ ತೀರ್ಮಾನಿಸುತ್ತದೆ. ಕಂಪನಿ ಬದಲಿಸಿದರೆ ಸಾವಿರಾರು ಗಂಟೆ ಹಾರಿದ ಲಾಗ್‌ಬುಕ್ ಜೊತೆಗೆ ಬರುತ್ತದೆ, ಸಂಖ್ಯೆ ಬರುವುದಿಲ್ಲ. ಹದಿನೈದು ವರ್ಷ ದುಡಿದವರು ನಿನ್ನೆ ಸೇರಿದ ಹುಡುಗರ ಹಿಂದೆ ನಿಲ್ಲಬೇಕಾಗುತ್ತದೆ.

ಹಾಗಾದರೆ ಪಟ್ಟಿಯನ್ನೇ ಹರಿದು ಹಾಕಿ, ಪ್ರತಿಭೆ ನೋಡಿ ಬಡ್ತಿ ಕೊಡಿ ಎನ್ನುವವರಿದ್ದಾರೆ. ಕೇಳಲು ಚೆಂದ, ಆದರೆ ಅಪಾಯಕಾರಿ. ಹವಾಮಾನ ಸರಿಯಿಲ್ಲ, ದಣಿದಿದ್ದೇನೆ, ಹಾರಿಸುವುದಿಲ್ಲ ಎಂದು ಹೇಳುವ ಪೈಲಟ್‌ನ ಬಡ್ತಿ ಮ್ಯಾನೇಜರ್ ಕೈಯಲ್ಲಿರಬಾರದು. ಪಟ್ಟಿ ಆ ಧೈರ್ಯ ಕೊಡುತ್ತದೆ, ಓಲೈಕೆಗೆ ಅವಕಾಶ ಕೊಡುವುದಿಲ್ಲ. ತಪ್ಪಿರುವುದು ಹಿರಿತನಕ್ಕೆ ಬೆಲೆ ಕೊಡುವುದರಲ್ಲಲ್ಲ. ಆ ಹಿರಿತನವನ್ನು ಕಂಪನಿಯ ಆಸ್ತಿ ಮಾಡಿರುವುದರಲ್ಲಿ.

ಇದರ ಬೆಲೆಯನ್ನು ಅಮೆರಿಕ ಮೊದಲೇ ತೆತ್ತಿದೆ. 2001ರಲ್ಲಿ ಟಿಡಬ್ಲ್ಯೂಎ ಕಂಪನಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡಾಗ ಅದರ ಅರ್ಧಕ್ಕೂ ಹೆಚ್ಚು ಪೈಲಟ್‌ಗಳನ್ನು ಪಟ್ಟಿಯ ಬಾಲಕ್ಕೆ ಅಂಟಿಸಲಾಯಿತು. ಆ ವರ್ಷದ ಸೆಪ್ಟೆಂಬರ್ ದಾಳಿಯ ನಂತರ ಕೆಲಸ ಕಡಿತ ಬಂದಾಗ ಬಾಲದಲ್ಲಿದ್ದವರೇ ಮೊದಲು ಹೊರಬಿದ್ದರು. ಆ ಗಾಯದಿಂದಲೇ 2007ರಲ್ಲಿ ಮೆಕ್ಯಾಸ್ಕಿಲ್-ಬಾಂಡ್ ಕಾನೂನು ಬಂತು: ಕಂಪನಿಗಳು ಒಂದಾದರೆ ಜ್ಯೇಷ್ಠತೆಯನ್ನು ನ್ಯಾಯವಾಗಿಯೇ ಬೆಸೆಯಬೇಕು.

ಅದೇ 2007ರಲ್ಲಿ ಇಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಕಂಪನಿ ಒಂದಾದರೂ ಪೈಲಟ್‌ಗಳು ಒಂದಾಗಲಿಲ್ಲ. ಡ್ರೀಮ್‌ಲೈನರ್ ತರಬೇತಿ ಯಾರಿಗೆ ಎಂಬ ಜಗಳದಲ್ಲಿ 2012ರ ಮುಷ್ಕರ 58 ದಿನ ನಡೆಯಿತು. ಅದೇ ವರ್ಷ ಬೆಂಗಳೂರಿನ ಕಿಂಗ್‌ಫಿಷರ್ ಕೂಡ ನೆಲ ಕಚ್ಚಿತು. ಏರ್ ಡೆಕ್ಕನ್‌ನಿಂದ ಅಲ್ಲಿಗೆ ಬಂದವರು ಮತ್ತೊಂದು ಬಾಗಿಲು ತಟ್ಟಬೇಕಾಯಿತು.

ಹೊರಗಿನವರಿಗೆ ಹಿರಿತನ ಕೊಟ್ಟರೆ ಒಳಗೆ ಸಾಲಿನಲ್ಲಿ ಕಾದವರಿಗೆ ಅನ್ಯಾಯವಲ್ಲವೇ? ಈ ಪ್ರಶ್ನೆ ನ್ಯಾಯವಾದದ್ದೇ. ಸ್ವಂತ ಇಚ್ಛೆಯಿಂದ ಬಂದವರು ಬಡ್ತಿಯ ಸಾಲಿನಲ್ಲಿ ಹಿಂದೆ ನಿಲ್ಲಲಿ. ಸಂಬಳ, ರಜೆಯ ಲೆಕ್ಕದಲ್ಲಾದರೂ ಹಳೆಯ ಅನುಭವ ಎಣಿಕೆಗೆ ಬರಲಿ. ಕಂಪನಿಗಳು ವಿಲೀನವಾದಾಗ ಎರಡೂ ಕಡೆಯ ಪಟ್ಟಿಯನ್ನು ಬೆಸೆಯುವ ಕೆಲಸ ಮ್ಯಾನೇಜ್‌ಮೆಂಟ್‌ನದಲ್ಲ, ಸ್ವತಂತ್ರ ಮಧ್ಯಸ್ಥರದಾಗಲಿ.

ಪೈಲಟ್ ದಿಢೀರನೆ ಬಿಟ್ಟರೆ ಪ್ರಯಾಣಿಕರಿಗೆ ತೊಂದರೆ ಎನ್ನುವುದು ನೋಟಿಸ್ ನಿಯಮದ ಸಮರ್ಥನೆ. ಒಪ್ಪೋಣ. ಹಾಗಿದ್ದರೆ ಜೆಟ್ ಟಿಕೆಟ್ ಹಿಡಿದು ನಿಂತವರಿಗೆ ಆದದ್ದೇನು? ಒಂದು ವರ್ಷದ ನೋಟಿಸ್ ಕೇಳುವ ಕಂಪನಿ ಒಂದು ವರ್ಷದ ಸಂಬಳವನ್ನು ಠೇವಣಿ ಇಡಲಿ. ಅದಕ್ಕೆ ಸಿದ್ಧವಿಲ್ಲದ ಕಂಪನಿ, ಸಂಬಳ ನಿಂತ ದಿನವೇ ಪೈಲಟ್‌ಗಳನ್ನು ಬಿಟ್ಟುಕೊಡಲಿ.