ಮಾಲೀಕರಿಗೆ ಸಂಘವಿದೆ, ಕಾರ್ಮಿಕರಿಗೆ ಸಂಘವಿದೆ, ನಡುವಿನವರಿಗೆ?

ಕೊಡಗಿನ ಕಾಫಿ ತೋಟಗಳಲ್ಲಿ ಕಾರ್ಮಿಕರ ಲೆಕ್ಕಪತ್ರ ನೋಡಿಕೊಳ್ಳುವವರನ್ನು ಇಂದಿಗೂ ‘ರೈಟರ್’ ಎಂದೇ ಕರೆಯುತ್ತಾರೆ. ದೊಡ್ಡ ಕಂಪನಿಯ ತೋಟವಾದರೆ ಅವರು ಕಾರ್ಮಿಕ ಕಲ್ಯಾಣಾಧಿಕಾರಿ, ರೆಸಾರ್ಟ್ ಆದರೆ ಎಚ್.ಆರ್. ಮ್ಯಾನೇಜರ್. ಹುದ್ದೆಯ ಹೆಸರು ಏನೇ ಇರಲಿ, ಹಾಜರಿ, ಬಟವಾಡೆ, ಭವಿಷ್ಯ ನಿಧಿ, ಲೈನ್‌ಮನೆಯ ಸೋರುವ ಮಾಡು, ಇಬ್ಬರು ಕಾರ್ಮಿಕರ ಜಗಳ, ಕಾರ್ಮಿಕ ಇಲಾಖೆಯ ನೋಟಿಸ್ ಎಲ್ಲವೂ ಅವರ ಮೇಜಿಗೇ ಬರುತ್ತವೆ. ಹೆಚ್ಚಿನ ಕಡೆ ಇಷ್ಟನ್ನೂ ಒಬ್ಬರೇ ನಿಭಾಯಿಸುತ್ತಾರೆ. ಅನುಮಾನ ಬಂದರೆ ಕೇಳಲು ಪಕ್ಕದಲ್ಲಿ ಅದೇ ಕೆಲಸ ಬಲ್ಲ ಇನ್ನೊಬ್ಬರಿಲ್ಲ.

ಈ ಒಂಟಿತನಕ್ಕೆ ವೃತ್ತಿ ಸಂಘದ ಸದಸ್ಯತ್ವವೇ ಮದ್ದು. ತೋಟದ ಮಾಲೀಕರು ಒಗ್ಗಟ್ಟಿನ ಬೆಲೆಯನ್ನು ಬಹಳ ಹಿಂದೆಯೇ ಅರಿತರು. ದಕ್ಷಿಣ ಭಾರತದ ಪ್ಲಾಂಟರುಗಳ ಒಕ್ಕೂಟ ‘ಉಪಾಸಿ’ ಹುಟ್ಟಿದ್ದು 1893ರಲ್ಲಿ. ಕರ್ನಾಟಕ ಬೆಳೆಗಾರರ ಸಂಘ, ಕೊಡಗು ಬೆಳೆಗಾರರ ಸಂಘಗಳು ಕಾಫಿ ಬೆಲೆಯಿಂದ ಹಿಡಿದು ಕೂಲಿಯವರೆಗೆ ಎಲ್ಲವನ್ನೂ ಒಟ್ಟಿಗೆ ಕೂತು ಚರ್ಚಿಸುತ್ತವೆ. ಕಾರ್ಮಿಕರ ಪರವಾಗಿ ಮಾತನಾಡಲು ಯೂನಿಯನ್‌ಗಳಿವೆ. ಇಬ್ಬರ ನಡುವೆ ನಿಂತು ಎರಡೂ ಕಡೆಯ ಮಾತು ಕೇಳಬೇಕಾದವರು ಮಾತ್ರ ಚದುರಿ ಹೋಗಿದ್ದಾರೆ.

ಇದೊಂದು ನಿಜವಾದ ವೃತ್ತಿ, ಗುಮಾಸ್ತಗಿರಿಯ ವಿಸ್ತರಣೆಯಲ್ಲ ಎಂಬುದನ್ನು ಮೊದಲು ಒಪ್ಪಬೇಕು. ನೇಮಕಾತಿ ಮುಕಾದಮ, ಮೇಸ್ತ್ರಿಗಳ ಕೈಯಲ್ಲಿದ್ದು, ಅದರ ಜೊತೆಗೇ ಲಂಚವೂ ನಡೆಯುತ್ತಿದ್ದುದನ್ನು ಕಂಡ ರಾಯಲ್ ಕಾರ್ಮಿಕ ಆಯೋಗ 1931ರ ವರದಿಯಲ್ಲಿ ಲೇಬರ್ ಆಫೀಸರ್‌ಗಳ ನೇಮಕಕ್ಕೆ ಶಿಫಾರಸು ಮಾಡಿತು. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿರುವಲ್ಲಿ, 1951ರ ತೋಟ ಕಾರ್ಮಿಕ ಕಾಯ್ದೆ 300 ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿಯನ್ನು ಕಡ್ಡಾಯಗೊಳಿಸಿದವು. ವೃತ್ತಿಯ ಜೊತೆಗೇ ಸಂಘಗಳೂ ಬೆಳೆದವು. ಕೋಲ್ಕತ್ತದಲ್ಲಿ 1947ರಲ್ಲಿ, ಮುಂಬೈಯಲ್ಲಿ 1950ರಲ್ಲಿ ಹುಟ್ಟಿದ ಎರಡು ಸಂಸ್ಥೆಗಳು 1980ರಲ್ಲಿ ಕೂಡಿ ರಾಷ್ಟ್ರೀಯ ಸಿಬ್ಬಂದಿ ನಿರ್ವಹಣಾ ಸಂಸ್ಥೆ, ಅಂದರೆ ಎನ್‌ಐಪಿಎಂ ಆದವು. 1985ರಲ್ಲಿ ಎಚ್.ಆರ್. ವೃತ್ತಿಪರರ ಎನ್‌ಎಚ್‌ಆರ್‌ಡಿ ನೆಟ್‌ವರ್ಕ್ ಬಂತು. ಬ್ರಿಟನ್ನಿನ ಇಂದಿನ ಎಚ್.ಆರ್. ಸಂಘ ಸಿಐಪಿಡಿಯ ಮೂಲವಾದ ಕಲ್ಯಾಣ ಕಾರ್ಯಕರ್ತರ ಸಂಘ 1913ರಲ್ಲಿ ಯಾರ್ಕ್ ನಗರದಲ್ಲಿ, ರೌನ್‌ಟ್ರೀ ಚಾಕೊಲೇಟ್ ಕುಟುಂಬದ ಆಶ್ರಯದಲ್ಲಿ ಆರಂಭವಾದದ್ದು. ಆಗ ಅದರಲ್ಲಿದ್ದವರೂ ಬೇರೆ ಬೇರೆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು.

ಸಂಘದಿಂದ ಏನು ಸಿಗುತ್ತದೆ ಎಂದು ಕೇಳುವವರು ಹಂಗಾಮಿನಲ್ಲಿ ಅಸ್ಸಾಂನಿಂದ ಬರುವ ಕಾರ್ಮಿಕನ ಕಡತವೊಂದನ್ನು ತೆರೆದು ನೋಡಬೇಕು. ಆಧಾರ್‌ನಲ್ಲಿ ಹೆಸರು ಒಂದು ಬಗೆ. ಮೇಸ್ತ್ರಿ ಕೂಗಿದಂತೆ ರೈಟರ್ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ ಬರೆದುಕೊಂಡದ್ದು ಇನ್ನೊಂದು ಬಗೆ. ಹುಟ್ಟಿದ ತಾರೀಖು ಎರಡರಲ್ಲೂ ಜನವರಿ 1, ವರ್ಷ ಮಾತ್ರ ಬೇರೆ. ಕಳೆದ ಹಂಗಾಮಿನಲ್ಲಿ ಪಕ್ಕದ ತೋಟದವರು ಅವನಿಗೊಂದು ಯುಎಎನ್, ಅಂದರೆ ಭವಿಷ್ಯ ನಿಧಿಯ (ಪಿಎಫ್) ಗುರುತಿನ ಸಂಖ್ಯೆ, ಮಾಡಿಸಿದ್ದರು. ಅದು ಗೊತ್ತಿಲ್ಲದೆ ಈ ತೋಟದವರು ಮತ್ತೊಂದು ಮಾಡಿಸಿದರು. ಊರಿಗೆ ಹೊರಟವನು ಪಿಎಫ್ ಹಣ ಕೇಳಿದರೆ ಕ್ಲೇಮ್ ತಿರಸ್ಕೃತ. ಜಂಟಿ ಘೋಷಣೆ ಸಲ್ಲಿಸಿ ಹೆಸರು ತಿದ್ದಿಸಬೇಕು, ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸಬೇಕು. ದಾರಿ ಗೊತ್ತಿದ್ದವರಿಗೆ ಇದು ದೊಡ್ಡ ಕೆಲಸವಲ್ಲ. ಗೊತ್ತಿಲ್ಲದವರಿಗೆ ತಿಂಗಳುಗಟ್ಟಲೆ ಅಲೆದಾಟ. ಅಷ್ಟರಲ್ಲಿ ಆ ಕಾರ್ಮಿಕ ಅಸ್ಸಾಂ ಸೇರಿರುತ್ತಾನೆ, ಅವನು ದುಡಿದ ಹಣ ಖಾತೆಯಲ್ಲೇ ಕೊಳೆಯುತ್ತಿರುತ್ತದೆ. ಇದೇ ಗಂಟನ್ನು ನಾಲ್ಕು ತೋಟ ಆಚೆ ಇನ್ನೊಬ್ಬ ರೈಟರ್ ಆಗಲೇ ಬಿಡಿಸಿರುತ್ತಾರೆ. ಅವರಿಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಅದರ ನಷ್ಟ ಕಾರ್ಮಿಕನಿಗೆ.

ಕಾನೂನು ಬದಲಾಗಿರುವ ಈ ಹೊತ್ತಿನಲ್ಲಿ ಇಂಥ ಪರಿಚಯದ ಅಗತ್ಯ ಹೆಚ್ಚಾಗಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾಯ್ದೆಗಳ ಜಾಗ ಹಿಡಿದಿವೆ. ಅವುಗಳಲ್ಲಿ ತೋಟ ಕಾರ್ಮಿಕ ಕಾಯ್ದೆಯೂ ಒಂದು. ಕಲ್ಯಾಣಾಧಿಕಾರಿ ನೇಮಕದ ಮಿತಿ ತೋಟಗಳಲ್ಲಿ 300ರಿಂದ 250 ಕಾರ್ಮಿಕರಿಗೆ ಇಳಿದಿದೆ. ಪ್ರತಿಯೊಬ್ಬ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಬೇಕು. ಹಾಗಾದರೆ ರೊಬಸ್ಟಾ ಕೊಯ್ಲಿಗೆಂದು ಮೇಸ್ತ್ರಿಯ ಹಿಂದೆ ಬಂದು, ಕೆಜಿ ಲೆಕ್ಕದಲ್ಲಿ ಹಣ್ಣು ಬಿಡಿಸಿ, ಮಾರ್ಚ್‌ನಲ್ಲಿ ಹೊರಡುವವರಿಗೆ ಪತ್ರ ಕೊಡಬೇಕಾದವರು ತೋಟದವರೋ ಮೇಸ್ತ್ರಿಯೋ? ಅದು ಯಾವ ಭಾಷೆಯಲ್ಲಿರಬೇಕು? ಸಾಮಾಜಿಕ ಭದ್ರತಾ ಸಂಹಿತೆ ತೋಟಗಳಿಗೆ ನೌಕರರ ವಿಮಾ ಯೋಜನೆಯಾದ ಇಎಸ್‌ಐ ಸೇರುವ ಆಯ್ಕೆ ಕೊಟ್ಟಿದೆ. ಅದನ್ನು ಒಪ್ಪಿಕೊಂಡರೆ ಸಿದ್ದಾಪುರದ ಸುತ್ತಿನ ತೋಟದ ಕಾರ್ಮಿಕರು ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು ಎಂದು ಯೋಚಿಸದೆ ಮಾಲೀಕರಿಗೆ ಸಲಹೆ ಕೊಡಲಾಗದು.

ಕೊಡಗಿಗೇ ವಿಶೇಷವಾದ ಪ್ರಶ್ನೆಗಳೂ ಇವೆ. ತೋಟದವರು ಕೊಟ್ಟ ಮನೆ ಕುಸಿದು ಕಾರ್ಮಿಕರಿಗೋ ಅವರ ಮನೆಯವರಿಗೋ ಸಾವುನೋವಾದರೆ ಮಾಲೀಕರು ಪರಿಹಾರ ಕೊಡಬೇಕು. ಕುಸಿತಕ್ಕೆ ಪ್ರಕೃತಿ ವಿಕೋಪವೊಂದೇ ನೇರ ಕಾರಣವಾಗಿದ್ದರೆ ವಿನಾಯಿತಿ ಉಂಟು. 2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡ ಜಿಲ್ಲೆಗೆ ಇದರ ತೂಕ ಗೊತ್ತು. ವರ್ಷಗಟ್ಟಲೆ ದುರಸ್ತಿ ಕಾಣದ ಗೋಡೆ ಜೋರು ಮಳೆಗೆ ಬಿದ್ದರೆ ಅದನ್ನು ವಿಕೋಪದ ಲೆಕ್ಕಕ್ಕೆ ಬರೆಯಬೇಕೋ ನಿರ್ಲಕ್ಷ್ಯದ ಲೆಕ್ಕಕ್ಕೋ? ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ, ಕೆಲಸದೊಂದಿಗೆ ಅದರ ಸಂಬಂಧ ಸಾಬೀತಾದರೆ, ಸಂಹಿತೆ ಪರಿಹಾರದ ವ್ಯಾಪ್ತಿಗೆ ತಂದಿದೆ. ಮುಂಜಾನೆ ಮಂಜಿನಲ್ಲಿ ತೋಟಕ್ಕೆ ನಡೆದು ಬರುವವರ ಮೇಲೆ ಕಾಡಾನೆ ಎರಗಿದರೆ? ಅರಣ್ಯ ಇಲಾಖೆಯ ಪರಿಹಾರ ಬಂದಿತೆಂದು ತೋಟದ ಹೊಣೆ ತೀರುತ್ತದೆಯೇ? ಬೆಂಗಳೂರಿನ ಐಷಾರಾಮಿ ಹೋಟೆಲಿನ ಕಾರ್ಯಾಗಾರದಲ್ಲಿ ಈ ಪ್ರಶ್ನೆಗಳು ಏಳುವುದೇ ಇಲ್ಲ. ಇಲ್ಲಿನವರೇ ಕೂತು, ವಕೀಲರನ್ನೂ ಕಾರ್ಮಿಕ ಅಧಿಕಾರಿಯನ್ನೂ ಕರೆಸಿ, ಉತ್ತರ ಕಂಡುಕೊಳ್ಳಬೇಕು.

ಮಾಹಿತಿಗಿಂತ ದೊಡ್ಡ ಲಾಭವೊಂದಿದೆ, ಅದು ಬೆನ್ನೆಲುಬು. ರೈಟರ್ ಅಥವಾ ಎಚ್.ಆರ್. ಸಿಬ್ಬಂದಿಯ ಸಂಬಳ ಮಾಲೀಕರ ಕೈಯಲ್ಲಿದೆ. ಓವರ್‌ಟೈಮ್ ಬರೆಯಬೇಡ, ಆ ಹೆಂಗಸಿನ ದೂರನ್ನು ಇಲ್ಲೇ ಮುಗಿಸು ಎಂಬ ಮಾತು ಬಂದಾಗ ಒಬ್ಬಂಟಿ ನೌಕರ ಎಷ್ಟು ಹೊತ್ತು ಎದುರು ನಿಂತಾನು? ವೈದ್ಯರ, ವಕೀಲರ ಪರಿಷತ್ತುಗಳಿಗಿರುವ ಶಾಸನದ ಬಲ ಎಚ್.ಆರ್. ಸಂಘಗಳಿಗಿಲ್ಲ, ನಿಜ. ಆದರೂ ‘ನಮ್ಮ ವೃತ್ತಿಯಲ್ಲಿ ಇದನ್ನು ಮಾಡುವಂತಿಲ್ಲ’ ಎಂದು ಹೇಳುವವರ ಹಿಂದೆ ನೂರು ಜನ ಒಪ್ಪಿಕೊಂಡ ನಡವಳಿಕೆಯ ನಿಯಮವಿದ್ದರೆ ಆ ಮಾತಿಗೆ ಬೆಲೆ ಬರುತ್ತದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಮತ್ತು ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರಿರಬೇಕು. ಎಲ್ಲರೂ ಎಲ್ಲರಿಗೂ ನೆಂಟರೋ ಪರಿಚಿತರೋ ಆಗಿರುವ ಸಣ್ಣ ಜಿಲ್ಲೆಯಲ್ಲಿ ಯಾರ ಹಂಗಿಗೂ ಬೀಳದ ಅಂಥ ಸದಸ್ಯರನ್ನು ಹುಡುಕುವುದು ಕಷ್ಟ. ವೃತ್ತಿ ಕೂಟವೊಂದಿದ್ದರೆ ತರಬೇತಿ ಪಡೆದವರ ಪಟ್ಟಿ ಎಲ್ಲ ತೋಟ, ಹೋಮ್‌ಸ್ಟೇ, ರೆಸಾರ್ಟ್‌ಗಳ ಕೈಗೂ ಸಿಗುತ್ತದೆ.

ಆಕ್ಷೇಪಗಳಿವೆ, ಅವು ಹುರುಳಿಲ್ಲದವೇನಲ್ಲ. ಕೊಡಗಿಗೆ ರೈಲಿಲ್ಲ, ಎನ್‌ಐಪಿಎಂ ಶಾಖೆ ಇರುವ ಮೈಸೂರಿಗೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. ಸಂಜೆಯ ಸಭೆಗೆ ಹೋಗಿಬರುವುದು ಆಗದ ಮಾತು. ಸಭೆಗಳ ಭಾಷೆ ಬಹುಪಾಲು ಇಂಗ್ಲಿಷ್. ಕನ್ನಡದಲ್ಲಿ ಈ ವೃತ್ತಿಯ ಬಗ್ಗೆ ಬರೆಯುವವರೇ ಕಡಿಮೆ. ‘ಸಮಾಜಕಾರ್ಯದ ಹೆಜ್ಜೆಗಳು’ ಪತ್ರಿಕೆಯಂಥ ಪ್ರಯತ್ನಗಳು ಬೆರಳೆಣಿಕೆಯಷ್ಟು. ನನ್ನನ್ನು ಹೆಚ್ಚು ಕಾಡುವ ಆತಂಕ ಬೇರೆಯದು. ಎಚ್.ಆರ್. ಸಿಬ್ಬಂದಿ ಒಟ್ಟುಗೂಡಿದ ಕಡೆ ‘ತಕರಾರು ಮಾಡುವ’ ಕಾರ್ಮಿಕರ ಹೆಸರುಗಳು ಕೈ ಬದಲಾಗಬಹುದು, ಕೂಲಿ ಏರದಂತೆ ಒಳ ಒಪ್ಪಂದವಾಗಬಹುದು. ಹಾಗಾದರೆ ಅದು ವೃತ್ತಿ ಸಂಘವಾಗಿ ಉಳಿಯದೆ ಮಾಲೀಕರ ಸಂಘದ ಬಾಲವಾಗುತ್ತದೆ. ಕಾರ್ಮಿಕರ ಹೆಸರು ಹೇಳಿ ಚರ್ಚಿಸುವಂತಿಲ್ಲ, ಕೂಲಿ ದರದ ಮಾತು ಇಲ್ಲಿ ಬೇಡ ಎಂಬ ಎರಡು ಕಟ್ಟುಪಾಡುಗಳನ್ನು ಮೊದಲ ದಿನವೇ ಬರೆದಿಡಬೇಕು.

ಸದಸ್ಯತ್ವದ ಶುಲ್ಕವನ್ನು ತೋಟ, ರೆಸಾರ್ಟ್‌ಗಳೇ ಭರಿಸಲಿ. ಒಂದು ತಪ್ಪು ಪಿಎಫ್ ಲೆಕ್ಕಕ್ಕೆ ಕಟ್ಟುವ ದಂಡದ ಎದುರು ಅದು ದೊಡ್ಡ ಮೊತ್ತವಲ್ಲ. ಮೈಸೂರಿನ ಶಾಖೆಗಳು ವರ್ಷಕ್ಕೆ ಕೆಲವು ಸಭೆಗಳನ್ನಾದರೂ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಕನ್ನಡದಲ್ಲಿ ನಡೆಸಲಿ. ಎಚ್.ಆರ್. ಪದವಿ ಇಲ್ಲದ ರೈಟರ್‌ಗಳಿಗೂ ಬಾಗಿಲು ತೆರೆದಿರಲಿ, ಕೊಡಗಿನಲ್ಲಿ ಈ ಕೆಲಸದ ಬಹುಭಾಗ ನಡೆಯುವುದು ಅವರ ಕೈಯಲ್ಲೇ. ತಾವೇ ಚೆಕ್‌ರೋಲ್ ಬರೆದುಕೊಳ್ಳುವ ಸಣ್ಣ ಬೆಳೆಗಾರರೂ ಬಂದು ಕೂತರೆ ಒಳ್ಳೆಯದೇ. ಮೊದಲ ಸಭೆ ರೊಬಸ್ಟಾ ಕೊಯ್ಲಿಗೆ ಜನ ಇಳಿಯುವ ಮುಂಚೆ ನಡೆಯಬೇಕು. ವಿಷಯ ಒಂದೇ ಸಾಕು: ಮೇಸ್ತ್ರಿಯೊಂದಿಗೆ ಬರುವ ಕಾರ್ಮಿಕನಿಗೆ ಕೊಡಬೇಕಾದ ಒಂದು ಪುಟದ ನೇಮಕಾತಿ ಪತ್ರ, ಕನ್ನಡದಲ್ಲೂ ಅವನು ಓದಬಲ್ಲ ಭಾಷೆಯಲ್ಲೂ, ಆಧಾರ್‌ನಲ್ಲಿರುವಂತೆಯೇ ಬರೆದ ಅವನ ಹೆಸರಿನೊಂದಿಗೆ.