ಕಾಶಿಯಲ್ಲಿ ಇನ್ನೂ ಎಷ್ಟು ಕಾಲ ನೆಂಟರಾಗಿರುವುದು?

ಈ ಸಲದ ಸ್ಮರಣ ಸಂಚಿಕೆ ತಡವಾಗಿದೆ. ಯಾಕೆಂದು ಸಮಿತಿಯ ಕಳೆದ ಸಭೆಗೆ ಬಂದವರಿಗೆ ಗೊತ್ತು. ಬಾರದವರಿಗೆ ಇಷ್ಟರೊಳಗೆ ಸುದ್ದಿ ಮುಟ್ಟಿರುತ್ತದೆ. ಕೇದಾರ ಘಾಟಿನ ಮೇಲಿನ ನಮ್ಮ ಗಲ್ಲಿಯಲ್ಲಿ ಜೋರು ಮಳೆ ಬಂದರೆ ಒಳಚರಂಡಿ ಉಕ್ಕುತ್ತದೆ. ಕೇದಾರೇಶ್ವರನ ದರ್ಶನಕ್ಕೆ ಹೊರಟ ಹೆಂಗಸರು ಸೀರೆ ಎತ್ತಿ ಹಿಡಿದು ಆ ಹೊಲಸಿನಲ್ಲೇ ನಡೆಯಬೇಕು. ನಮ್ಮ ಕನ್ನಡ ಸಂಘದ ಹೆಸರಿನಲ್ಲಿ ಒಂದು ಮನವಿ ಕೊಡೋಣ, ವಾರ್ಡಿನ ಪಾರ್ಷದರನ್ನು, ಅಂದರೆ ಕಾರ್ಪೊರೇಟರನ್ನು, ಕಂಡು ಬರೋಣ ಎಂದದ್ದಷ್ಟೇ. ಸಭೆ ಎರಡಾಯಿತು. “ನಾವು ಹೊರಗಿನವರು, ಊರ ಉಸಾಬರಿ ನಮಗೇಕೆ?” ಎಂಬ ಮಾತು ಬಂತು. ಹೇಳಿದವರು ಓದದವರಲ್ಲ. ನಮ್ಮ ಎಂಜಿನಿಯರುಗಳು, ನಮ್ಮ ಪ್ರೊಫೆಸರುಗಳು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕುತ್ತೇವೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಚಿ ಹೋದಾಗ ಅಲ್ಲಿಗೆ ಹೋಗಿ ಪ್ರವಾಹ ತಡೆಗೂ ಒಳಚರಂಡಿಗೂ ಯೋಜನೆ ಹಾಕಿಕೊಟ್ಟವರು ಅವರೇ. ಅವರಿಗೆ ಅದು ಪರವೂರು, ಪರರಾಜ್ಯ. ಇದೇ ಕಾಶಿಯ ಟಂಕಸಾಲೆಯಲ್ಲಿ 1820ರಿಂದ ಹತ್ತು ವರ್ಷ ಕೆಲಸ ಮಾಡಿದ ಜೇಮ್ಸ್ ಪ್ರಿನ್ಸೆಪ್ ಊರಿನ ನಕ್ಷೆ ಬರೆದ, ಜನಗಣತಿ ಮಾಡಿಸಿದ, ನಿಂತ ನೀರು ಗಂಗೆಗೆ ಹರಿಯಲು ನೆಲದಡಿಯಲ್ಲಿ ಸುರಂಗ ಹಾಕಿಸಿದ. ಅವನೆಲ್ಲಿಯವನು? ನಾಲ್ವಡಿ ಕೃಷ್ಣರಾಜ ಒಡೆಯರು ಇಲ್ಲಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ (ಬಿಎಚ್‌ಯು) ಮೊದಲ ಕುಲಾಧಿಪತಿಗಳು ಎಂದು ಪ್ರತಿ ರಾಜ್ಯೋತ್ಸವದಲ್ಲೂ ಹೇಳಿಕೊಳ್ಳುತ್ತೇವಲ್ಲ, ಅಲ್ಲಿ ಓದಿಸುವ, ಓದುವ ಕನ್ನಡಿಗರಿಗೆ ಈ ಊರು ಅಷ್ಟೂ ತಾಗುವುದಿಲ್ಲವೆ?

ದೂರದ ಮಾತೇಕೆ, ನಮ್ಮ ಘಾಟಿನಿಂದ ಅಸ್ಸಿಯ ಕಡೆಗೆ ಮೆಟ್ಟಿಲ ಮೇಲೇ ನಡೆದರೆ ಸಿಗುವುದು ತುಳಸಿ ಘಾಟ್. ಅಲ್ಲಿದ್ದರು ವೀರಭದ್ರ ಮಿಶ್ರರು. ಸಂಕಟಮೋಚನ ದೇವಸ್ಥಾನದ ಮಹಂತರು, ಬಿಎಚ್‌ಯುವಿನಲ್ಲಿ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಬೆಳಿಗ್ಗೆ ಗಂಗಾಸ್ನಾನ, ಆಮೇಲೆ ಪಾಠ. 1982ರಲ್ಲಿ ಗಂಗೆಯ ಶುದ್ಧಿಗಾಗಿ ಒಂದು ಪ್ರತಿಷ್ಠಾನ ಕಟ್ಟಿದರು. ಮುಂದೆ ತುಳಸಿ ಘಾಟಿನಲ್ಲೇ ಪ್ರಯೋಗಾಲಯ ನಡೆಸಿ ತಾವು ಮುಳುಗೇಳುವ ನೀರನ್ನೇ ಪರೀಕ್ಷಿಸಿದರು. ಸ್ನಾನದ ನೀರಿನಲ್ಲಿ ಮಲದ ಕೋಲಿಫಾರ್ಮ್ 100 ಮಿಲಿಲೀಟರಿಗೆ 500ರೊಳಗಿರಬೇಕು, ಹೆಚ್ಚೆಂದರೆ 2500. ಇಲ್ಲಿಯ ಲೆಕ್ಕ ಅದನ್ನು ಎಷ್ಟೋ ಪಟ್ಟು ಮೀರಿತ್ತು. 1986ರಲ್ಲಿ ಗಂಗಾ ಕಾರ್ಯಯೋಜನೆ ಈ ಊರಿನಲ್ಲೇ ಉದ್ಘಾಟನೆಯಾಯಿತು. ಪಂಪಿನಿಂದ ಕೊಳಚೆ ಎತ್ತಿ ಶುದ್ಧೀಕರಣ ಘಟಕಕ್ಕೆ ಕಳಿಸುವ ಏರ್ಪಾಡು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಕೊಳಚೆ ಸೀದಾ ನದಿಗೆ ಹೋಗುತ್ತದೆ ಎಂದು ಮಹಂತರು ಎಚ್ಚರಿಸುತ್ತಲೇ ಇದ್ದರು. ಬರಿದೇ ದೂರಿ ಕೂರಲಿಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಲಿಯಂ ಆಸ್ವಾಲ್ಡ್ ಅವರ ಜೊತೆ ಕೂತು, ಕೊಳಚೆ ಇಳಿಜಾರಿನಲ್ಲಿ ತಾನೇ ಹರಿದು ಹೋಗಿ, ಕೊಳಗಳಲ್ಲಿ ಪಾಚಿ, ಬಿಸಿಲುಗಳಿಂದಲೇ ಶುದ್ಧವಾಗುವ ಬದಲಿ ಯೋಜನೆ ಮಾಡಿದರು. ಊರಿನ ನಗರಪಾಲಿಕೆಯೂ ಅದರ ಪರ ನಿಂತಿತು. ಆದರೆ ನಗರದ ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಡುವ ಸಂವಿಧಾನದ 74ನೇ ತಿದ್ದುಪಡಿ ಬಂದ ಮೇಲೂ ಹಣ, ತೀರ್ಮಾನ ಎರಡೂ ಮೇಲಿನವರ ಕೈಯಲ್ಲೇ ಉಳಿದವು. 2013ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕೆಲಸ ಬಿಡಲಿಲ್ಲ. ಅವರ ಭಾಷಣ ಕೇಳಿ ಚಪ್ಪಾಳೆ ತಟ್ಟಿದವರು ನಮ್ಮಲ್ಲೂ ಇದ್ದಾರೆ. ಆಮೇಲೆ?

ನಮ್ಮಲ್ಲೇ ಒಬ್ಬರು ಮಾಡಿ ತೋರಿಸಿದ್ದಾರೆ ಎಂಬುದನ್ನಾದರೂ ನೆನಪಿಸಬೇಕು. ಹೆಸರು ಹಾಕಬೇಡಿ ಅಂದಿದ್ದಾರೆ. ನಿವೃತ್ತ ಎಂಜಿನಿಯರು, ಮಕ್ಕಳಿಗೆಲ್ಲ ಮಾಮ. ಹಿಂದಿನ ಗಲ್ಲಿಯ ಚರಂಡಿ ಕಟ್ಟಿಕೊಂಡಾಗಲೆಲ್ಲ ಆಳುಗಳು ಬಂದು ಬಿದಿರು ಸೀಳು ಹಾಕಿ ಜಗ್ಗಿ ಹೋಗುತ್ತಿದ್ದರು. ವಾರದಲ್ಲಿ ಮತ್ತದೇ ಪಾಡು. ಮಾಮ ಗಾರೆ ಕೆಲಸದವನ ಹತ್ತಿರ ಟ್ಯೂಬ್ ಲೆವೆಲ್ ಇಸಕೊಂಡು, ಅದರಲ್ಲಿ ನೀರು ತುಂಬಿ, ಒಂದು ತುದಿ ತಾವು ಹಿಡಿದು ಇನ್ನೊಂದನ್ನು ಹಾಲಿನ ಹುಡುಗನ ಕೈಗೆ ಕೊಟ್ಟು ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಅಳೆದರು. ನೀರು ಹೋಗಬೇಕಾದ ಕಡೆಯ ಕೊಳವೆಯೇ ಒಂದು ಗೇಣು ಮೇಲಿತ್ತು! ಅದನ್ನು ಒಂದು ಹಾಳೆಯಲ್ಲಿ ಗೀಟು ಹಾಕಿ ತೋರಿಸಿದರು. ಊರವರ ಗೋಳಿಗೆ ಕಿವಿಗೊಡದಿದ್ದ ಕಚೇರಿಯವರು ಆ ಹಾಳೆಯ ಮುಂದೆ ಮಾತಾಡಲಿಲ್ಲ. ಕೊಳವೆ ಬದಲಾಯಿತು. ಆ ಗಲ್ಲಿಯವರು ಇಂದಿಗೂ ಮಾಮನನ್ನು ಕಂಡರೆ ಚಹಾ ಕುಡಿಸದೆ ಕಳಿಸುವುದಿಲ್ಲ. ಅಲ್ಲಿ ಅವರು ಹೊರಗಿನವರಲ್ಲ.

ನಮ್ಮ ಮಕ್ಕಳ ವಿಷಯ ಹೇಳಿದರೆ ಕೆಲವರಿಗೆ ನೋವಾಗುತ್ತದೆ, ಆದರೂ ಹೇಳುತ್ತೇನೆ. ಜೆಇಇ ರ್‍ಯಾಂಕು ಬಾಯಿಪಾಠ. ವಾರ್ಡಿನ ಪಾರ್ಷದರ ಹೆಸರು ಕೇಳಿದರೆ ಮುಖ ಮುಖ ನೋಡುತ್ತವೆ. ಅವುಗಳನ್ನು ಬೈದು ಏನು ಬಂತು? ಮನೆಯಲ್ಲಿ ಅಪ್ಪ ಅಮ್ಮ ಊರಿನ ಸುದ್ದಿ ಎತ್ತುವುದು ಬೆಂಗಳೂರಿನ ಸೈಟಿನ ರೇಟಿಗಾಗಿ ಮಾತ್ರ.

ಮನವಿ ಹಿಂದಿಯಲ್ಲಿ ಟೈಪಾಗಿ ನನ್ನ ಹತ್ತಿರ ಇದೆ. ಅದಕ್ಕೆ ಲಗತ್ತಿಸಲು ನಕ್ಷೆಯಿಲ್ಲ. ಮಾಮನ ಮಂಡಿ ಈಗ ಘಾಟಿನ ಮೆಟ್ಟಿಲು ಹತ್ತಗೊಡುವುದಿಲ್ಲ. ಮಟ್ಟ ಹಿಡಿಯಲು, ಗೀಟು ಎಳೆಯಲು ಬಲ್ಲವರು ಈ ಸಂಘದಲ್ಲಿ ಬೇಕಾದಷ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಗಲ್ಲಿಗೆ ಬನ್ನಿ. ಟ್ಯೂಬು, ಟೇಪು ನಾನು ತಂದಿಟ್ಟಿರುತ್ತೇನೆ.

— ಸಂಪಾದಕ